ಹಳೆಯ ಜೀಪಿನ ತುಕ್ಕು ಹಿಡಿದ ತಗಡು: ಮನೆಯಂಗಳದಲ್ಲಿಯೇ ಬದಲಿಸುವ ಕ್ರಮ

ನಮ್ಮ ಸಂಘದ ಸದಸ್ಯರಲ್ಲಿ ಹಲವರ ಅಂಗಳದಲ್ಲಿ ಇಂದಿಗೂ ಒಂದು ಹಳೆಯ ಜೀಪು ನಿಂತಿರುವುದನ್ನು ಕಾಣಬಹುದು. ತೋಟಕ್ಕೆ ಗೊಬ್ಬರ ಸಾಗಿಸಲು, ಕೊಯ್ದ ಕೊನೆಗಳನ್ನು ಮನೆಗೆ ತರಲು, ಒಣಗಿದ ಅಡಿಕೆಯನ್ನು ಮಂಡಿಗೆ ಮುಟ್ಟಿಸಲು, ರಾತ್ರಿ ಹೊತ್ತಿನಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಶಿರಾಳಕೊಪ್ಪಕ್ಕೋ ಶಿಕಾರಿಪುರಕ್ಕೋ ಓಡಲು ಅದೇ ಆಧಾರ. ಮಹೀಂದ್ರ ಕಂಪೆನಿಯವರು 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿದರು. ಅದೇ ವಂಶದ ಜೀಪುಗಳು ಮಲೆನಾಡಿನ ತೋಟದ ದಾರಿಗಳಿಗೆ ಹೊಂದಿಕೊಂಡಷ್ಟು ಬೇರೆ ವಾಹನ ಹೊಂದಿಕೊಳ್ಳಲಿಲ್ಲ. ಇವುಗಳ ಎಂಜಿನ್ನನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಬಹುದು. ಗೇರುಪೆಟ್ಟಿಗೆಯ ಬಿಡಿಭಾಗಗಳು ಸಿಗುತ್ತವೆ. ಕೊನೆಗೆ ಜೀಪನ್ನು ಮೂಲೆಗೆ ಸೇರಿಸುವುದು ಎಂಜಿನ್ನಲ್ಲ, ಕಾಲಡಿಯ ತಗಡು.

ಈ ಕೆಲಸವನ್ನು ಗ್ಯಾರೇಜಿಗೆ ಒಪ್ಪಿಸಿದರೆ ದಿನಗಟ್ಟಲೆ ಜೀಪು ಅಲ್ಲಿಯೇ ಉಳಿಯುತ್ತದೆ. ಖರ್ಚಿನ ಬಹುಪಾಲು ಕೂಲಿಗೆ ಹೋಗುತ್ತದೆ. ಬಿಚ್ಚುವುದು, ಕೊಯ್ಯುವುದು, ಅಳತೆ ತೆಗೆಯುವುದು, ತುಕ್ಕು ತಿಕ್ಕುವುದು, ಬಣ್ಣ ಹಚ್ಚುವುದು ಇವೆಲ್ಲ ತಾಳ್ಮೆಯಿರುವ ಬೆಳೆಗಾರ ತಾನೇ ಮಾಡಿಕೊಳ್ಳಬಹುದಾದವು. ಬೆಸುಗೆಯೊಂದಕ್ಕೆ ಮಾತ್ರ ಪಳಗಿದ ಕೈ ಬೇಕು. ಅದಕ್ಕೂ ವೆಲ್ಡಿಂಗ್ ಮಾಡುವವರನ್ನು ಅರ್ಧ ದಿನಕ್ಕೆ ಮನೆಗೆ ಕರೆಸಿಕೊಂಡರೆ ಸಾಕು.

ತುಕ್ಕು ಎಲ್ಲಿಂದ ಬರುತ್ತದೆ?

ಮಳೆಯಿಂದ ಎಂಬ ಉತ್ತರ ಅರ್ಧ ಮಾತ್ರ ಸರಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ತೊಗರ್ಸಿ ಸೀಮೆಯದು ಅರೆಮಲೆನಾಡು. ಆ ಮಳೆಯ ಸಣ್ಣದೊಂದು ಪಾಲು ನಮಗೆ ಬಂದರೆ ಹೆಚ್ಚು. ಹಾಗಿದ್ದೂ ನಮ್ಮ ಜೀಪುಗಳ ನೆಲ ಅಲ್ಲಿಯವಕ್ಕಿಂತ ಹೆಚ್ಚು ದಿನ ಬಾಳುತ್ತದೆಂದು ಹೇಳುವಂತಿಲ್ಲ. ಕಾರಣ, ಜೀಪಿನ ಮೇಲೆ ಬೀಳುವ ನೀರಿಗಿಂತ ಜೀಪಿನೊಳಗೆ ನಾವು ಹೇರುವ ಸಾಮಾನು ಹೆಚ್ಚು ಹಾನಿಕರ.

ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನಾವು ಪರೀಕ್ಷಿಸುವ ಬಗೆಯನ್ನು ನೆನಪಿಸಿಕೊಳ್ಳಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿಸಿದ ಮೇಲೆ ಹೊಳಪಿನ ಚೂರಿಯನ್ನೋ ಕತ್ತಿಯ ಅಲಗನ್ನೋ ಅದರಲ್ಲಿ ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದು ತಿಳಿಯುತ್ತೇವೆ. ಆ ಕೆಂಪು ಬಣ್ಣ ಬೇರೇನೂ ಅಲ್ಲ, ತಾಮ್ರ. ದ್ರಾವಣದಲ್ಲಿದ್ದ ತಾಮ್ರ ಹೊರಬಂದು ಅಲಗಿಗೆ ಅಂಟಿದೆ. ಅದರ ಬದಲು ಅಲಗಿನ ಕಬ್ಬಿಣ ಕರಗಿ ದ್ರಾವಣಕ್ಕೆ ಸೇರಿದೆ. ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತಿನ ಚೀಲದಿಂದ ಉದುರಿದ ಹರಳು ಜೀಪಿನ ಒದ್ದೆ ನೆಲದ ಮೇಲೆ ಬಿದ್ದರೆ ಇದೇ ಪರೀಕ್ಷೆ ಅಲ್ಲಿಯೂ ನಡೆಯುತ್ತದೆ. ವ್ಯತ್ಯಾಸ ಇಷ್ಟೆ: ಚೂರಿಯನ್ನು ನಾವು ತೊಳೆದು ಒರೆಸಿಡುತ್ತೇವೆ, ಜೀಪಿನ ನೆಲವನ್ನು ಒರೆಸುವುದಿಲ್ಲ. ಕೂತ ತಾಮ್ರ ಸುಮ್ಮನೆ ಇರುವುದೂ ಇಲ್ಲ. ತೇವ ಇರುವವರೆಗೆ ಅದು ಮತ್ತು ಅದರ ಪಕ್ಕದ ಕಬ್ಬಿಣ ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸಿ, ಕಬ್ಬಿಣ ಸವೆಯುತ್ತಲೇ ಹೋಗುತ್ತದೆ. ಸುಣ್ಣ ಸರಿಯಾಗಿ ಬೆರೆತ ದ್ರಾವಣದಿಂದ ಇಷ್ಟು ಹಾನಿಯಿಲ್ಲ. ಬೆರೆಸುವ ಮೊದಲಿನ ಹರಳು ಮತ್ತು ನೀಲಿ ನೀರೇ ಶತ್ರು.

ಎರಡನೆಯ ಶತ್ರು ಪೊಟ್ಯಾಷ್. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಒಡಹುಟ್ಟಿದ್ದು. ಕಡಲ ತೀರದ ವಾಹನಗಳನ್ನು ಉಪ್ಪುಗಾಳಿ ತಿನ್ನುವಂತೆ ಇದು ನಮ್ಮ ವಾಹನಗಳನ್ನು ತಿನ್ನುತ್ತದೆ. ಕೊಟ್ಟಿಗೆ ಗೊಬ್ಬರವೂ ಸಾಧುವಲ್ಲ. ತೇವವನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಮೂರನೆಯದು ನಿಂತ ನೀರು. ನಮ್ಮದೇ ಜಿಲ್ಲೆಯ ಕೊಡಚಾದ್ರಿಯ ಮೇಲೆ ಹಳೆಯ ಕಬ್ಬಿಣದ ಕಂಬವೊಂದಿದೆ. ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ ಅವರು ಅದನ್ನು ಕುರಿತು 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಅಂಥ ಮಳೆಯಲ್ಲಿ ಅದು ನಿಂತೇ ಇದೆ. ಆ ಕಬ್ಬಿಣದ ಗುಣ ಬೇರೆ, ನಮ್ಮ ಉಕ್ಕಿನ ತಗಡಿನ ಗುಣ ಬೇರೆ, ನಿಜ. ಆದರೂ ಒಂದನ್ನು ಗಮನಿಸಬೇಕು: ನೆಟ್ಟಗೆ ನಿಂತ ಕಂಬದ ಮೇಲೆ ಬಿದ್ದ ನೀರು ಇಳಿದು ಹೋಗುತ್ತದೆ, ಬಿಸಿಲು ಬಂದಾಗ ಕಂಬ ಒಣಗುತ್ತದೆ. ಜೀಪಿನಲ್ಲಿ ಎರಡು ತಗಡು ಒಂದರ ಮೇಲೊಂದು ಕೂತ ಸಂದಿನಲ್ಲಿ, ನೆಲದಡಿಯ ಟೊಳ್ಳು ಪಟ್ಟಿಯೊಳಗೆ, ರಬ್ಬರು ಚಾಪೆಯ ಕೆಳಗೆ ಹೊಕ್ಕ ನೀರು ಮಾಘ ಮಾಸದವರೆಗೂ ಆರುವುದಿಲ್ಲ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಆದುದರಿಂದ ಸಂದಿನ ತುಕ್ಕು ತಗಡುಗಳನ್ನು ಬಿರಿಸಿ, ಇನ್ನಷ್ಟು ನೀರಿಗೆ ತಾನೇ ದಾರಿ ಮಾಡಿಕೊಡುತ್ತದೆ.

ತೇಪೆ ಹಾಕಿದ ಜೀಪಿನ ಕಥೆ

ಈ ಲೇಖಕನ ಅನುಭವವನ್ನು ಇಲ್ಲಿ ಹೇಳಬೇಕಾಗಿದೆ. ನೆಲಕ್ಕೆ ಸಣ್ಣ ತೂತು ಬಿದ್ದಿತ್ತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಅದರ ಮೇಲೊಂದು ತಗಡು ಕೂರಿಸಿ, ಅಂಚಿಗೆ ಪುಟ್ಟಿ ತುಂಬಿ, ಕಪ್ಪು ಬಣ್ಣ ಬಳಿದು ಕೊಟ್ಟರು. ನೋಡಲು ಹೊಸದರಂತೆಯೇ ಇತ್ತು. ಎರಡು ಮಳೆಗಾಲ ಕಳೆದ ಮೇಲೆ, ಹಿಂದೆ ಕೊನೆಗಾರರು ಕುಳಿತಿರುವಾಗ, ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕು ತುಳಿದೆ. ಬ್ರೇಕು ಹಿಡಿಯಿತು, ಆದರೆ ಸೀಟಿನ ಮುಂಗಾಲು ನೆಲದ ಸಮೇತ ಕುಸಿಯಿತು. ನಾನು ಮುಂದಕ್ಕೆ ಜಾರಿ ಸ್ಟಿಯರಿಂಗಿಗೆ ಎದೆ ಕೊಟ್ಟೆ. ಜೀಪು ನಿಂತಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮನೆಗೆ ತಂದು ಬಿಚ್ಚಿ ನೋಡಿದಾಗ ಮೇಲಿನ ತೇಪೆ ಗಟ್ಟಿಯಾಗಿಯೇ ಇತ್ತು. ಅದರ ಕೆಳಗಿನ ಮೂಲ ತಗಡು ಕಾಫಿ ಪುಡಿಯಂತೆ ಉದುರಿತು. ತೇಪೆಯ ಅಂಚಿನಲ್ಲಿ ಅಲ್ಲಲ್ಲಿ ತಾಮ್ರದ ಕೆಂಪು ಕೂಡ ಇತ್ತು.

ತುಕ್ಕಿನ ಮೇಲೆ ಹೊಸ ತಗಡು ಹೊದಿಸುವುದು ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆ. ಗಟ್ಟಿ ಕಬ್ಬಿಣ ಸಿಗುವವರೆಗೆ ಕೊಯ್ದು ತೆಗೆಯಬೇಕು. ಆಮೇಲೆಯೇ ಹೊಸದರ ಮಾತು. ಈಚೆಗೆ ನೆಲದ ಮೇಲೆ ಅಲ್ಯೂಮಿನಿಯಂ ಚೆಕ್ಕರ್ ಶೀಟು ಹಾಸುವ ರೂಢಿ ಹೆಚ್ಚಾಗಿದೆ. ನೋಟಕ್ಕೆ ಚೆಂದ. ಆದರೆ ಅದರ ಕೆಳಗೂ ನೀರು ನಿಲ್ಲುತ್ತದೆ, ಮೈಲುತುತ್ತು ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಕೆಳಗೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಮೊದಲು ಪರೀಕ್ಷೆ

ಚಾಪೆ, ಸೀಟು, ಹಿಂದಿನ ಬೆಂಚು ಎಲ್ಲವನ್ನೂ ತೆಗೆದು ಜೀಪನ್ನು ಚೆನ್ನಾಗಿ ತೊಳೆದು ಒಂದೆರಡು ದಿನ ಬಿಸಿಲಿಗೆ ನಿಲ್ಲಿಸಿ. ಬಳಿಕ ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಕಡೆ ತಟ್ಟುತ್ತಾ ಬನ್ನಿ. ಹಲಸಿನ ಹಣ್ಣನ್ನು ಬಡಿದು ನೋಡಿ ಬಲ್ಲವರಿಗೆ ಇದನ್ನು ಕಲಿಸಬೇಕಾಗಿಲ್ಲ. ಗಟ್ಟಿ ತಗಡು ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ಬದ್ ಎನ್ನುತ್ತದೆ. ಸಂಶಯ ಬಂದಲ್ಲಿ ಹಳೆಯ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಒಳಹೊಕ್ಕರೆ ಸೀಮೆಸುಣ್ಣದಿಂದ ಗುರುತು ಹಾಕಿ. ಬಣ್ಣ ಗುಳ್ಳೆಯೆದ್ದ ಜಾಗದ ಸುತ್ತ ಇನ್ನೂ ಒಂದೆರಡು ಅಂಗುಲ ರೋಗವಿದೆಯೆಂದೇ ಲೆಕ್ಕ ಹಿಡಿಯಬೇಕು.

ಚಾಲಕನ ಪಾದದ ಕೆಳಗಿನ ನೆಲ, ಸೀಟಿನ ಅಡಿ, ಬ್ಯಾಟರಿ ಕೂರುವ ತಟ್ಟೆ, ಹಿಂಭಾಗದ ಎರಡು ಮೂಲೆ, ಹಿಂಚಕ್ರದ ಮೇಲಿನ ಪೆಟ್ಟಿಗೆಗಳ ಒಳಬದಿ, ಮುಂದಿನ ಗಾಜಿನ ಚೌಕಟ್ಟಿನ ಕೆಳ ಅಂಚು, ಇವು ಸಾಮಾನ್ಯವಾಗಿ ಮೊದಲು ಹೋಗುವ ಜಾಗಗಳು. ಕೆಳಗೆ ಮಲಗಿ ನೆಲದಡಿಯ ಅಡ್ಡಪಟ್ಟಿಗಳನ್ನು ತಪ್ಪದೆ ನೋಡಿ. ನೆಲಕ್ಕೆ ಬಲ ಕೊಡುವುದು ಅವೇ. ಅವು ಟೊಳ್ಳು, ಒಳಗಿನಿಂದ ತಿಂದಿರುತ್ತವೆ.

ಇಲ್ಲಿಯೇ ಒಂದು ತೀರ್ಮಾನ ಮಾಡಬೇಕು. ತಗಡು ಎಷ್ಟೇ ಹೋಗಿದ್ದರೂ ಬದಲಿಸಬಹುದು. ಚಾಸಿಯ ಉದ್ದ ತೊಲೆಗಳಲ್ಲಿ, ಸ್ಪ್ರಿಂಗಿನ ಕೊಂಡಿಗಳು ಕೂರುವಲ್ಲಿ, ಸ್ಟಿಯರಿಂಗ್ ಪೆಟ್ಟಿಗೆ ಬಿಗಿದಿರುವಲ್ಲಿ ಪದರು ಪದರಾಗಿ ತುಕ್ಕು ಏಳುತ್ತಿದ್ದರೆ ಅದು ಮನೆಯ ಕೆಲಸವಲ್ಲ. ಆ ವಾಹನವನ್ನು ನುರಿತವರಿಗೆ ತೋರಿಸಿ, ಅವರು ಬೇಡವೆಂದರೆ ಕೇಳಿ. ಹೊಸ ನೆಲ ಹಾಕಿದ ಕೊಳೆತ ಚಾಸಿಯ ಜೀಪಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದಕ್ಕಿಂತ ಜೀಪಿಲ್ಲದಿರುವುದು ಮೇಲು.

ಕಾನೂನಿನ ವಿಷಯ

ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಹೋದ ತಗಡಿನ ಜಾಗಕ್ಕೆ ಅದೇ ಆಕಾರದ ತಗಡು ಹಾಕುವುದು ದುರಸ್ತಿ. ಬಾಡಿಯನ್ನು ಉದ್ದ ಮಾಡುವುದು, ಮೇಲೆ ಮಾಡು ಕಟ್ಟುವುದು ದುರಸ್ತಿಯಲ್ಲ. ಬಣ್ಣ ಬದಲಿಸಿದರೆ ಆರ್.ಸಿ. ಪುಸ್ತಕದಲ್ಲಿ ಬರೆಸಬೇಕು. ಚಾಸಿಯ ನಂಬರು ಕೊರೆದಿರುವ ಜಾಗವನ್ನು ಉಜ್ಜುವುದಾಗಲಿ, ಅದರ ಮೇಲೆ ದಪ್ಪ ಬಣ್ಣ ಬಳಿಯುವುದಾಗಲಿ ಕೂಡದು. ಕೆಲಸ ಮುಗಿಯುವವರೆಗೆ ಗ್ರೀಸು ಸವರಿ ಕಾಗದ ಅಂಟಿಸಿಡಿ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಜೀಪು, ಕಾರುಗಳಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್ 1ರಿಂದ 5000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಲಘು ವಾಹನಗಳಿಗೆ ಇದನ್ನು 10,000ಕ್ಕೆ ಏರಿಸಲಾಯಿತು. ಇಷ್ಟು ಹಣ ಕಟ್ಟುವ ಮೊದಲೇ ನೆಲ ಸರಿಪಡಿಸಿಕೊಂಡಿರುವುದು ಜಾಣತನ.

ಬೆಂಕಿಯ ಎಚ್ಚರ

ಸಿಜೆ ಮಾದರಿಯ ಹಳೆಯ ಜೀಪುಗಳಲ್ಲಿ ಎಣ್ಣೆಯ ಟ್ಯಾಂಕು ಇರುವುದು ಚಾಲಕನ ಸೀಟಿನ ಕೆಳಗೆ. ತುಕ್ಕು ಹೆಚ್ಚು ಹಿಡಿಯುವುದೂ ಅಲ್ಲಿಯೇ. ಆದುದರಿಂದ ಗ್ರೈಂಡರು ಕೈಗೆತ್ತಿಕೊಳ್ಳುವ ಮೊದಲು ಟ್ಯಾಂಕನ್ನು ಇಳಿಸಿ, ಅಂಗಳದಿಂದ ದೂರ, ನೆರಳಿನಲ್ಲಿಡಿ. ಎಣ್ಣೆ ಖಾಲಿ ಮಾಡಿದ್ದೇನೆ, ಇನ್ನೇನು ಭಯ ಎನ್ನುವವರಿದ್ದಾರೆ. ಹತ್ತಿಕೊಳ್ಳುವುದು ಎಣ್ಣೆಯ ಆವಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಆವಿಗೆ ಜಾಗ ಹೆಚ್ಚು. ಟ್ಯಾಂಕೇ ತೂತಾಗಿದ್ದರೆ ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕುವ ಯೋಚನೆಯೇ ಬೇಡ. ಡೀಸೆಲ್ ಎಂಬ ಧೈರ್ಯವೂ ಬೇಡ.

ಎಣ್ಣೆಯ ಕೊಳವೆಗಳ ಬಾಯಿಗೆ ಬಿರಡೆ ಹಾಕಿ. ನೆಲದಡಿಯಲ್ಲಿ ಹೋಗುವ ಬ್ರೇಕು ಕೊಳವೆ ಮತ್ತು ವಯರುಗಳನ್ನು ಸರಿಸಿ ಕಟ್ಟಿ. ಬ್ಯಾಟರಿಯ ಎರಡೂ ತುದಿಗಳನ್ನು ಕಳಚಿ ಹೊರಗಿಡಿ; ಇಲ್ಲದಿದ್ದರೆ ವಿದ್ಯುತ್ ಬೆಸುಗೆಯಲ್ಲಿ ಆಲ್ಟರ್ನೇಟರು ಸುಡಬಹುದು. ನಮ್ಮ ಅಂಗಳಗಳಲ್ಲಿ ಆ ಕಾಲಕ್ಕೆ ಅಡಿಕೆ ಸಿಪ್ಪೆ, ಒಣ ದರಕು, ಗೋಣಿಚೀಲಗಳ ರಾಶಿ ಇರುತ್ತದೆ. ಅಂಗಳವನ್ನು ಗುಡಿಸಿ ನೀರು ಚಿಮುಕಿಸಿ, ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು ಹತ್ತಿರವಿಟ್ಟುಕೊಳ್ಳಿ. ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಯಾರಾದರೂ ಅಲ್ಲಿಯೇ ಇರಬೇಕು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು, ಮೂಗಿಗೆ ಮುಸುಕು ಬೇಕೇ ಬೇಕು. ಹಳೆಯ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಕೊಯ್ಯುವುದು

ಕೆಲಸಕ್ಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ನಡುವಿನ ಒಣ ದಿನಗಳೇ ಯೋಗ್ಯ. ಇಬ್ಬರು ಸೇರಿದರೆ ಒಂದು ಬದಿಯ ನೆಲಕ್ಕೆ ನಾಲ್ಕೈದು ದಿನ ಹಿಡಿಯಬಹುದು.

ಜೀಪು ಸಮತಟ್ಟಾದ ನೆಲದಲ್ಲಿ ನಿಂತಿರಲಿ. ಬಾಗಿಲ ಬಾಯಿಗೆ ಅಡ್ಡಲಾಗಿ ಒಂದು ಆಂಗಲ್ ಪಟ್ಟಿಯನ್ನು ಬೋಲ್ಟು ಹಾಕಿ ಬಿಗಿಯಿರಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳ ಅಳತೆ ಬರೆದಿಟ್ಟುಕೊಳ್ಳಿ. ಎಡಬಲ ಎರಡೂ ಕಡೆ ಒಟ್ಟಿಗೆ ಕೊಯ್ಯಬೇಡಿ. ಒಂದು ಮುಗಿದ ಮೇಲೆ ಇನ್ನೊಂದು. ನೆಲ ತೆಗೆದ ಬಾಡಿ ತಳವಿಲ್ಲದ ಬುಟ್ಟಿಯಂತೆ, ಹೇಗೆ ಬೇಕಾದರೂ ಸೊಟ್ಟಗಾಗುತ್ತದೆ. ಒಮ್ಮೆ ಹಾಗಾದರೆ ಮುಂದಿನ ಗಾಜಿನ ಚೌಕಟ್ಟು ಮತ್ತೆ ಕೂರುವುದಿಲ್ಲ.

ಗ್ರೈಂಡರಿನಿಂದ ಗುರುತಿಗಿಂತ ಒಂದಂಗುಲ ಆಚೆ, ಗಟ್ಟಿ ಕಬ್ಬಿಣದಲ್ಲಿ ಕೊಯ್ಯಿರಿ. ಕೆಳಗಿನ ಅಡ್ಡಪಟ್ಟಿ ಗಟ್ಟಿಯಿದ್ದರೆ ಅದಕ್ಕೆ ಅಲಗು ತಾಗದಂತೆ ನೋಡಿಕೊಳ್ಳಿ. ಕಾರ್ಖಾನೆಯಲ್ಲಿ ತಗಡನ್ನು ಪಟ್ಟಿಗೆ ಚುಕ್ಕಿ ಬೆಸುಗೆಯಿಂದ ಸೇರಿಸಿರುತ್ತಾರೆ. ವೈರ್ ಬ್ರಷ್ಷಿನಿಂದ ತಿಕ್ಕಿದರೆ ಬಿಲ್ಲೆಯಂಥ ಸಣ್ಣ ಗುಳಿಗಳು ಕಾಣುತ್ತವೆ. 8 ಮಿ.ಮೀ. ಬೈರಿಗೆಯಿಂದ ಮೇಲಿನ ತಗಡಿನಷ್ಟೇ ಆಳ ಕೊರೆದರೆ ತಗಡು ಬಿಟ್ಟುಕೊಳ್ಳುತ್ತದೆ. ಕೊಯ್ದ ತುಂಡನ್ನು ಎಸೆಯಬೇಡಿ, ಎಷ್ಟೇ ಹರಿದಿರಲಿ. ಯಾವ ತೂತು ಎಲ್ಲಿತ್ತು ಎಂಬುದಕ್ಕೆ ಅದೇ ನಕಾಶೆ.

ಹೊಸ ತಗಡು

ಈ ಮಾದರಿಯ ಬಾಡಿಗಳ ಸಿದ್ಧ ತಗಡುಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುವುದುಂಟು. ಜೀಪುಗಳಿಗೆಂದೇ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಇಡೀ ಬಾಡಿಯನ್ನೇ ಹೊಸದಾಗಿ ಕಟ್ಟುತ್ತಾರೆ. ಸಿದ್ಧ ತಗಡು ಕೊಂಡರೂ ಕುರುಡಾಗಿ ನಂಬಬೇಡಿ, ಮೊದಲು ಅಳೆದು ನೋಡಿ. ತೆಳ್ಳಗಿನ ಮಾಲಿಗೆ ದಪ್ಪ ಬಣ್ಣ ಬಳಿದು ಮಾರುವವರೂ ಇದ್ದಾರೆ.

ಮನೆಯಲ್ಲೇ ಮಾಡುವುದಾದರೆ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಸಿ.ಆರ್. ತಗಡು ನೆಲಕ್ಕೆ ಸರಿಯಾದೀತು. ಇದು ಚದರ ಮೀಟರಿಗೆ ಸುಮಾರು ಒಂಬತ್ತೂವರೆ ಕಿಲೋ ತೂಗುತ್ತದೆ. ಎಂಟಡಿ ನಾಲ್ಕಡಿಯ ಪೂರ್ಣ ಹಾಳೆ ಸುಮಾರು 28 ಕಿಲೋ. ಅಂಗಡಿಯವರು ಕೊಟ್ಟದ್ದು ಹೇಳಿದ ಗೇಜಿನದೇ ಎಂದು ತಕ್ಕಡಿಯಲ್ಲಿಯೇ ತಿಳಿದುಕೊಳ್ಳಬಹುದು. 20 ಗೇಜು ಪಕ್ಕದ ತಗಡಿನ ಸಣ್ಣ ತುಂಡುಗಳಿಗೆ ಆದೀತು, ಕಾಲಡಿಗೆ ಬೇಡ. ಸತುವು ಲೇಪಿಸಿದ ಜಿ.ಐ. ತಗಡು ತುಕ್ಕಿಗೆ ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಬೆಸುಗೆಯ ಬಿಳಿ ಹೊಗೆ ಕುಡಿದರೆ ಅಂದು ರಾತ್ರಿ ಚಳಿಜ್ವರ ಬರುತ್ತದೆ. ಬೆಸುಗೆ ಬೀಳುವ ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆಯಬೇಕು, ಗಾಳಿಯಾಡುವಲ್ಲಿಯೇ ಕೆಲಸ ಮಾಡಬೇಕು.

ಅಳತೆಯನ್ನು ರಟ್ಟಿನಲ್ಲಿ ತೆಗೆಯಿರಿ. ಕೈಗೆ ಸಿಕ್ಕಿತೆಂದು ಹಸಿ ಅಡಿಕೆ ಹಾಳೆಯಲ್ಲಿ ತೆಗೆಯುವ ಆಸೆ ಬೇಡ. ಒಣಗಿದಾಗ ಅದು ಕುಗ್ಗಿ, ತಗಡೂ ಕುಗ್ಗಿದ ಅಳತೆಗೇ ಕೊಯ್ದು ಹೋಗುತ್ತದೆ. ರಟ್ಟು ಎಲ್ಲ ಅಂಚಿಗೂ ಸರಿ ಕೂತ ಮೇಲೆಯೇ ತಗಡಿಗೆ ಕತ್ತರಿ ಹಾಕಿ. ಮಡಿಕೆ ಬೇಕಾದಲ್ಲಿ ತಗಡನ್ನು ಎರಡು ಆಂಗಲ್ ಪಟ್ಟಿಗಳ ನಡುವೆ ಕ್ಲಾಂಪಿನಿಂದ ಬಿಗಿದು ಮರದ ಕೊಡತಿಯಿಂದ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಬನ್ನಿ. ಕಬ್ಬಿಣದ ಸುತ್ತಿಗೆಯಿಂದ ಒಂದೇ ಕಡೆ ಹೊಡೆದರೆ ತಗಡು ಹಿಗ್ಗಿ ಅಲೆಯಾಗುತ್ತದೆ. ಮೂಲ ನೆಲದಲ್ಲಿ ಒತ್ತಿದ ಗೆರೆಗಳಿರುವುದು ಅಲಂಕಾರಕ್ಕಲ್ಲ, ಬಲಕ್ಕೆ. ಮನೆಯಲ್ಲಿ ಅವು ಬರುವುದಿಲ್ಲವಾದ್ದರಿಂದ ಚಪ್ಪಟೆ ತಗಡಿನ ಅಡಿಗೆ ಸಣ್ಣದೊಂದು ಆಂಗಲ್ ಪಟ್ಟಿ ಸೇರಿಸಬೇಕು. ಇಲ್ಲವಾದರೆ ಡೋಲಿನಂತೆ ಬಡಿದುಕೊಳ್ಳುತ್ತದೆ.

ಗೇರಿನ ಕಡ್ಡಿಗಳ ತೂತು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಇನ್ನೊಂದನ್ನು. ಹಳೆಯ ಸಿಜೆ ಜೀಪುಗಳಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರು ನೆಲದ ಕೆಳಗಿದೆ. ಅದಕ್ಕೆ ಬ್ರೇಕು ಎಣ್ಣೆ ಹಾಕಲು ನೆಲದಲ್ಲಿ ಮುಚ್ಚಳವಿರುವ ಕಿಂಡಿಯೊಂದಿರುತ್ತದೆ. ಹೊಸ ತಗಡಿನಲ್ಲಿ ಆ ಕಿಂಡಿ ಬಿಡದಿದ್ದರೆ ಬ್ರೇಕು ಎಣ್ಣೆ ನೋಡುವವರೇ ಇಲ್ಲದಂತಾಗುತ್ತದೆ. ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂಡಿಸುವುದು

ಎರಡು ತಗಡು ಒಂದರ ಮೇಲೊಂದು ಬರುವ ಜಾಗದಲ್ಲಿ ಎರಡರ ಮುಖಕ್ಕೂ ಸತುವಿನ ಪ್ರೈಮರನ್ನು ಮೊದಲೇ ಹಚ್ಚಿ. ಕೂಡಿದ ಮೇಲೆ ಅಲ್ಲಿಗೆ ಕುಂಚ ಹೋಗುವುದಿಲ್ಲ. ನೀರು ಮಾತ್ರ ಹೋಗುತ್ತದೆ. ಅಂಚು 15ರಿಂದ 20 ಮಿ.ಮೀ. ಮೇಲೆ ಬಂದರೆ ಸಾಕು. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಪ್ರಶ್ನೆಗೆ ನಮ್ಮ ಮನೆಯ ಹಂಚಿನ ಮಾಡೇ ಉತ್ತರ. ನೀರು ಇಳಿಯುವ ದಿಕ್ಕಿನಲ್ಲಿ ಮೇಲಿನದು ಕೆಳಗಿನದರ ಮೇಲೆ ಬರಬೇಕು. ಅಡಿಭಾಗದಲ್ಲಿ ಮಾತ್ರ ಚಕ್ರ ಎರಚುವ ನೀರು ಮುಂದಿನಿಂದ ಹಿಂದಕ್ಕೆ ಬರುತ್ತದೆ. ಅಲ್ಲಿ ಸಂದಿನ ಬಾಯಿ ಹಿಂದಕ್ಕೆ ತೆರೆದಿರಲಿ.

ಬೆಸುಗೆಗೆ 0.8 ಮಿ.ಮೀ. ತಂತಿಯ ಮಿಗ್ ಯಂತ್ರ ಅತ್ಯುತ್ತಮ. ಟಿಂಕರಿಂಗ್ ಮಾಡುವವರ ಗ್ಯಾಸ್ ಬೆಸುಗೆಯೂ ಒಳ್ಳೆಯದೇ. ಕಾವು ಹೆಚ್ಚು ಹರಡುತ್ತದೆ, ಆದರೆ ಪಳಗಿದವರು ಬಡಿದು ಸರಿಪಡಿಸಿಕೊಳ್ಳುತ್ತಾರೆ. ಗೇಟು, ಬೇಲಿಯ ಕಂಬ ಬೆಸೆಯುವ ಆರ್ಕ್ ಯಂತ್ರದಲ್ಲಿ ದಪ್ಪ ಕಡ್ಡಿ ಹಿಡಿದರೆ 18 ಗೇಜು ತೂತು ಬೀಳುವುದು ಖಂಡಿತ. ಅದೇ ಬಳಸಬೇಕಾಗಿ ಬಂದರೆ 2 ಮಿ.ಮೀ. ಕಡ್ಡಿ, 40ರಿಂದ 60 ಆಂಪಿಯರು ಇಟ್ಟು, ಸಂದಿನ ಹಿಂದೆ ತಾಮ್ರದ ಪಟ್ಟಿಯೊಂದನ್ನು ಒತ್ತಿ ಹಿಡಿಯಿರಿ. ಬೆಸುಗೆ ತಾಮ್ರಕ್ಕೆ ಅಂಟುವುದಿಲ್ಲ, ಕಾವನ್ನು ಅದು ಹೀರಿಕೊಳ್ಳುತ್ತದೆ.

ಯಾವ ಯಂತ್ರವಾದರೂ ಉದ್ದಕ್ಕೆ ಒಂದೇ ಸಮನೆ ಬೆಸೆಯುತ್ತಾ ಹೋಗಲು ಬಿಡಬೇಡಿ. ಮೊದಲು ನಾಲ್ಕು ಮೂಲೆಗೆ ಚುಕ್ಕಿ. ಆಮೇಲೆ ಎದುರು ಬದುರಾಗಿ ಎರಡೆರಡು ಅಂಗುಲಕ್ಕೊಂದು. ಆಮೇಲೆ ನಡುನಡುವೆ ಅರ್ಧ ಅಂಗುಲದ ತುಂಡು. ಕೈಯಿಟ್ಟರೆ ಸುಡುವಷ್ಟು ಬಿಸಿಯಾದಾಗ ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಚಹಾ ಕುಡಿಯಬೇಕು. ಆತುರಪಟ್ಟ ತಗಡು ಹಪ್ಪಳದಂತೆ ಏಳುತ್ತದೆ. ಅಡ್ಡಪಟ್ಟಿಯ ಮೇಲೆ ಬರುವಲ್ಲಿ ಹೊಸ ತಗಡಿಗೆ 8 ಮಿ.ಮೀ. ತೂತುಗಳನ್ನು ಎರಡಂಗುಲಕ್ಕೊಂದರಂತೆ ಕೊರೆದು, ಆ ತೂತು ತುಂಬಿಸಿ ಬೆಸೆಯಬೇಕು. ಕಾರ್ಖಾನೆಯ ಚುಕ್ಕಿ ಬೆಸುಗೆಗೆ ಇದೇ ಬದಲಿ.

ಬೆಸುಗೆ ಸಿಗದ ಊರಿನಲ್ಲಿ ರಿವೆಟ್ ಹಾಕುವುದುಂಟು. 4.8 ಮಿ.ಮೀ. ಉಕ್ಕಿನ ಪಾಪ್ ರಿವೆಟ್ಟುಗಳನ್ನು ಒಂದೂವರೆ ಅಂಗುಲಕ್ಕೊಂದರಂತೆ ಹೊಡೆದು, ನಡುವೆ ಸೀಲೆಂಟ್ ಹಚ್ಚಿದರೆ ಹಿಂಭಾಗದ ನೆಲಕ್ಕೆ, ಪೆಟ್ಟಿಗೆಗಳಿಗೆ ಸಾಕಾಗುತ್ತದೆ. ಸೀಟಿನ ಕಾಲು, ಸೀಟು ಬೆಲ್ಟಿನ ಕೊಂಡಿ, ಪೆಡಲುಗಳ ಆಸುಪಾಸು, ಬಾಡಿ ಚಾಸಿಯ ಮೇಲೆ ಕೂರುವ ಜಾಗ, ಈ ನಾಲ್ಕರಲ್ಲಿ ಮಾತ್ರ ರಿವೆಟ್ ಒಪ್ಪತಕ್ಕದ್ದಲ್ಲ. ನನ್ನ ಸೀಟು ಕುಸಿದದ್ದನ್ನು ಮೇಲೆ ಹೇಳಿದ್ದೇನೆ.

ಬಣ್ಣ

ಗ್ರೈಂಡರಿನ ಕಬ್ಬಿಣದ ಪುಡಿ ಎಲ್ಲ ಮೂಲೆಯಲ್ಲೂ ಕೂತಿರುತ್ತದೆ. ಒಂದು ರಾತ್ರಿಯ ಇಬ್ಬನಿಗೆ ಅದೇ ಹೊಸ ತುಕ್ಕು. ಗುಡಿಸಿ, ಥಿನ್ನರ್ ಬಟ್ಟೆಯಿಂದ ಒರೆಸಿ, ಬರಿಗೈಯಿಂದ ಮುಟ್ಟದೆ, ಅಂದು ಸಂಜೆಯೊಳಗೆ ಪ್ರೈಮರ್ ಹಚ್ಚಿ ಮುಗಿಸಬೇಕು. ಉಳಿದ ಹಳೆಯ ತಗಡಿನ ಗುಳಿಗಳಲ್ಲಿ ತಿಕ್ಕಿಯೂ ಹೋಗದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕು ನಿವಾರಕವನ್ನು, ಡಬ್ಬಿಯ ಮೇಲಿನ ಸೂಚನೆಯಂತೆ ಬಳಸಬಹುದು. ತಾಮ್ರದ ಕೆಂಪು ಕಂಡಲ್ಲಿ ಮಾತ್ರ ಯಾವ ನಿವಾರಕವೂ ಬೇಡ, ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ.

ರೆಡ್ ಆಕ್ಸೈಡ್ ಹಚ್ಚಿ ತಿಂಗಳುಗಟ್ಟಲೆ ಹಾಗೆಯೇ ಓಡಿಸುವವರನ್ನು ನೋಡುತ್ತೇವೆ. ಅದು ಒಳಬಟ್ಟೆ ಮಾತ್ರ, ನೀರನ್ನು ಒಳಬಿಡುತ್ತದೆ. ಪ್ರೈಮರ್ ಒಣಗಿದ ಮೇಲೆ ಎಲ್ಲ ಸಂದುಗಳಿಗೂ ಸೀಲೆಂಟ್, ಅದರ ಮೇಲೆ ಎನಾಮಲ್ ಎರಡು ಕೈ, ಅಡಿಭಾಗಕ್ಕೆ ಕೊನೆಯಲ್ಲಿ ಡಾಂಬರು ಜಾತಿಯ ಕಪ್ಪು ಲೇಪ. ಈ ಕ್ರಮ ತಪ್ಪಬಾರದು. ತುಕ್ಕಿನ ಮೇಲೆ ನೇರವಾಗಿ ಡಾಂಬರು ಬಳಿದರೆ ಗ್ಯಾರೇಜಿನ ತೇಪೆಯ ಕಥೆಯೇ ಮರುಕಳಿಸುತ್ತದೆ. ಅಡಿಗೆ ಸುಟ್ಟ ಎಂಜಿನ್ ಆಯಿಲ್ ಎರಚುವ ಹಳೆಯ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ರಬ್ಬರು ಬುಷ್ಷುಗಳು ಊದಿಕೊಳ್ಳುತ್ತವೆ, ಬ್ರೇಕಿಗೆ ತಾಗಿದರೆ ಅಪಾಯ, ತೊಟ್ಟಿಕ್ಕಿದ್ದು ನಮ್ಮ ಬಾವಿಯ ನೀರಿಗೇ ಸೇರುತ್ತದೆ. ಟೊಳ್ಳು ಪಟ್ಟಿಗಳ ಒಳಕ್ಕೆ ಮೇಣದ ತುಕ್ಕು ನಿರೋಧಕ ಸಿಂಪಡಿಸಿ. ಅವುಗಳ ಕೆಳಗೆ ನೀರು ಇಳಿಯಲು ಬಿಟ್ಟಿರುವ ಸಣ್ಣ ತೂತುಗಳನ್ನು ಬಣ್ಣದಿಂದಾಗಲಿ ಸೀಲೆಂಟಿನಿಂದಾಗಲಿ ಮುಚ್ಚಬೇಡಿ. ಮುಚ್ಚಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿ.

ಎಲ್ಲ ಒಣಗಿದ ಮೇಲೆ, ಚಾಪೆ ಹಾಸುವ ಮೊದಲು, ನೆಲದ ಮೇಲೆ ಎರಡು ಕೊಡ ನೀರು ಸುರಿದು ಕೆಳಗೆ ಮಲಗಿ ನೋಡಿ. ನೀರು ಬಿಟ್ಟ ತೂತುಗಳಲ್ಲಿ ಮಾತ್ರ ಇಳಿಯಬೇಕು. ಬೇರೆಲ್ಲಾದರೂ ತೊಟ್ಟಿಕ್ಕಿದರೆ ಆ ಸಂದಿಗೆ ಮತ್ತೆ ಸೀಲೆಂಟ್. ಎಲ್ಲಿಯೋ ನಿಂತುಕೊಂಡರೆ ಅಲ್ಲಿ ಹೊಸದೊಂದು ತೂತು ಕೊರೆದು, ಅದರ ಅಂಚಿಗೆ ಬಣ್ಣ ಹಚ್ಚಿ. ರಬ್ಬರು ಚಾಪೆಯನ್ನು ಅಂಟಿಸಬೇಡಿ, ಬಿಡಿಯಾಗಿ ಹಾಸಿ.

ಇನ್ನು ಔಷಧಿಯ ಕಾಲಕ್ಕೆ ಮೈಲುತುತ್ತಿನ ಚೀಲವನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟೇ ಜೀಪಿಗೆ ಹತ್ತಿಸುವುದು, ಗೊಬ್ಬರ ಇಳಿಸಿದ ಸಂಜೆಯೇ ನೆಲಕ್ಕೆ ನೀರು ಹೊಡೆಯುವುದು ರೂಢಿಯಾಗಬೇಕು. ಬ್ಯಾಟರಿಯ ತಟ್ಟೆಯನ್ನು ಆಗಾಗ ಅಡುಗೆ ಸೋಡದ ನೀರಿನಿಂದ ತೊಳೆಯಿರಿ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಗ್ಗೆ ಚಾಪೆ ಎತ್ತಿ ಕೈಯಾಡಿಸಿ ನೋಡಿ. ಒದ್ದೆಯಿದ್ದರೆ ಬಿಸಿಲು ಬರುವವರೆಗೆ ಚಾಪೆ ಹೊರಗೇ ಇರಲಿ.